ದಾಕ್ಷಿಣ್ಯ ಬಿಟ್ಟು ಮಾತಾಡಿ: ರಾತ್ರಿ ಹಾರಾಟದಲ್ಲಿ ಖಾಸಗಿ ಪೈಲಟ್ ಮತ್ತು ಕಂಟ್ರೋಲರ್

ಸಭಿಕರಿಗೆಲ್ಲ ನಮಸ್ಕಾರ.

1991ರ ಫೆಬ್ರವರಿ 1ರಂದು, ಸಂಜೆ ಆರು ದಾಟಿ ಕತ್ತಲಾಗಿದ್ದ ಹೊತ್ತಿನಲ್ಲಿ, ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ರನ್‌ವೇ ಒಂದರ ಮೇಲೆ ಸಣ್ಣ ಪ್ರಯಾಣಿಕ ವಿಮಾನವೊಂದು ಟೇಕಾಫ್ ಅನುಮತಿಗಾಗಿ ಕಾಯುತ್ತ ನಿಂತಿತ್ತು. ಅದನ್ನು ಅಲ್ಲಿ ನಿಲ್ಲಿಸಿದ್ದ ಕಂಟ್ರೋಲರ್ (ನೆಲದಿಂದ ರೇಡಿಯೊದಲ್ಲಿ ವಿಮಾನಗಳಿಗೆ ಸೂಚನೆ ಕೊಡುವವರು), ಬೇರೆ ವಿಮಾನಗಳ ಗೊಂದಲದಲ್ಲಿ ಅದನ್ನು ಮರೆತು, ಅದೇ ರನ್‌ವೇಯಲ್ಲಿ ಇಳಿಯಲು ಬೋಯಿಂಗ್ 737 ಒಂದಕ್ಕೆ ಅನುಮತಿ ಕೊಟ್ಟರು. ಇಳಿಯುತ್ತಿದ್ದ ಪೈಲಟ್‌ಗಳ ಕಣ್ಣಿಗೆ ಸಣ್ಣ ವಿಮಾನದ ದೀಪಗಳು ರನ್‌ವೇ ದೀಪಗಳ ನಡುವೆ ಕರಗಿಹೋಗಿದ್ದವು. 35 ಜನ ಸತ್ತರು. ಎರಡೂ ವಿಮಾನಗಳಲ್ಲಿದ್ದವರು ವೃತ್ತಿನಿರತ ಪೈಲಟ್‌ಗಳು. ನಮ್ಮ ವಿಷಯವಾದರೋ ಸಣ್ಣ ವಿಮಾನದಲ್ಲಿ ಒಬ್ಬರೇ ಹಾರುವ ಖಾಸಗಿ ಪೈಲಟ್. ಆದರೂ ಇಲ್ಲಿಂದಲೇ ಆರಂಭಿಸುತ್ತಿದ್ದೇನೆ. ಹಗಲಿನಲ್ಲಾದರೆ ಕಂಟ್ರೋಲರ್ ಮರೆತದ್ದನ್ನು ಪೈಲಟ್‌ನ ಕಣ್ಣು ಹಿಡಿಯುತ್ತದೆ, ಪೈಲಟ್ ತಪ್ಪಿದ್ದನ್ನು ಟವರ್‌ನಲ್ಲಿರುವವರ ಕಣ್ಣು ಹಿಡಿಯುತ್ತದೆ. ಕತ್ತಲಾದ ಮೇಲೆ ಆ ಕಾವಲು ಬಹುಮಟ್ಟಿಗೆ ಇಲ್ಲವಾಗಿ, ಇಬ್ಬರ ನಡುವೆ ಉಳಿಯುವುದು ಮಾತೊಂದೇ.

ಆ ಮಾತಿಗೆ ರೀಡ್‌ಬ್ಯಾಕ್ ಎಂಬ ಕಟ್ಟುಪಾಡಿದೆ. ಕಂಟ್ರೋಲರ್ ಹೇಳಿದ ರನ್‌ವೇ ಸಂಖ್ಯೆ, ಎತ್ತರ, ದಿಕ್ಕು, ಟ್ರಾನ್ಸ್‌ಪಾಂಡರ್ ಕೋಡ್ (ರಾಡಾರ್‌ನಲ್ಲಿ ವಿಮಾನವನ್ನು ಗುರುತಿಸಲು ಹಾಕುವ ನಾಲ್ಕಂಕಿಯ ಸಂಖ್ಯೆ) ಇವನ್ನು ಪೈಲಟ್ ತನ್ನ ಕಾಲ್ ಸೈನ್ (ರೇಡಿಯೊದಲ್ಲಿ ವಿಮಾನದ ಹೆಸರು) ಸಹಿತ ಮರಳಿ ಹೇಳಬೇಕು. ಇದನ್ನು ಶಿಷ್ಟಾಚಾರವೆಂದು ಭಾವಿಸಿ ಗಡಿಬಿಡಿಯಲ್ಲಿ ಒಪ್ಪಿಸಿಬಿಡುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಕೇಳಿಸಿಕೊಂಡದ್ದು ಸರಿಯೇ ಎಂದು ಕಂಟ್ರೋಲರ್ ಪರೀಕ್ಷಿಸಲು ಇರುವ ಅವಕಾಶ ಅದೊಂದೇ, ಮತ್ತು ಆ ಪರೀಕ್ಷೆ ನಡೆಯಬೇಕಾದರೆ ಕಂಟ್ರೋಲರ್ ಕೂಡ ಕಿವಿಗೊಟ್ಟಿರಬೇಕು. ರನ್‌ವೇಯಲ್ಲಿ ನಿಂತು ಕಾಯುವವರ ವಿಷಯದಲ್ಲಿ ಅಮೆರಿಕದ ಪೈಲಟ್ ಕೈಪಿಡಿ ಒಂದು ಲೆಕ್ಕವನ್ನೇ ಕೊಡುತ್ತದೆ: ರನ್‌ವೇ ಮೇಲೆ ಬಂದು ನಿಂತು 90 ಸೆಕೆಂಡ್ ಕಳೆದರೂ ಅನುಮತಿ ಬಾರದಿದ್ದರೆ, ನಾನು ಇಲ್ಲೇ ಇದ್ದೇನೆ ಎಂದು ಟವರ್‌ಗೆ ನೆನಪಿಸುವುದು ಒಳ್ಳೆಯದು. ಇದರಲ್ಲಿ ಉದ್ಧಟತನವೇನೂ ಇಲ್ಲ. ಎಲ್ಲೋ ಏನೋ ತಪ್ಪಿರಬಹುದೆಂಬ ಸಂಶಯವನ್ನು ನುಂಗಿಕೊಂಡು ಕೂರುವ ದಾಕ್ಷಿಣ್ಯವೇ ಅಪಾಯಕಾರಿ.

ಈಗ ಕಾಕ್‌ಪಿಟ್‌ನ ಒಳಗೆ ಬನ್ನಿ. ಪೈಲಟ್ ಒಬ್ಬರೇ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಸುಮಾರು 30 ನಿಮಿಷ ಬೇಕು, ಒಂದು ಕ್ಷಣದ ಬಿಳಿ ಬೆಳಕು ಅದನ್ನು ಕೆಡಿಸುತ್ತದೆ. ಹಾಗಾಗಿ ಮಂದವಾದ ಟಾರ್ಚ್ ಹಿಡಿದು, ತೊಡೆಯ ಮೇಲಿನ ಕಾಗದದಲ್ಲಿ ಹೊಸ ರೇಡಿಯೊ ಫ್ರೀಕ್ವೆನ್ಸಿ ಬರೆದುಕೊಳ್ಳುತ್ತಿದ್ದಾರೆ. ಪೆನ್ಸಿಲ್ ಜಾರಿ ಸೀಟಿನ ಕೆಳಗೆ ಬೀಳುತ್ತದೆ. ಅದನ್ನು ಹುಡುಕಲು ಬಗ್ಗಿದರೆ ಒಳಕಿವಿ ಮೋಸ ಮಾಡುತ್ತದೆ, ತಲೆ ಎತ್ತುವಷ್ಟರಲ್ಲಿ ವಿಮಾನ ಒಂದು ಬದಿಗೆ ವಾಲಿರುತ್ತದೆ, ಹೊರಗೆ ದಿಗಂತ ಕಾಣದಿರುವುದರಿಂದ ವಾಲಿದೆಯೆಂಬುದು ಶರೀರಕ್ಕೆ ತಿಳಿಯುವುದೇ ಇಲ್ಲ. ಇದೇ ಹೊತ್ತಿಗೆ ಕಂಟ್ರೋಲರ್ ಒಂದೇ ಉಸಿರಿನಲ್ಲಿ ದಿಕ್ಕು, ಎತ್ತರ, ಕೋಡ್, ಫ್ರೀಕ್ವೆನ್ಸಿ ನಾಲ್ಕನ್ನೂ ಹೇಳಿದರೆ ಅದು ನೆರವಾಗದೆ ಹೊರೆಯಾಗುತ್ತದೆ. ಅನುಭವಿ ಕಂಟ್ರೋಲರ್‌ಗಳು ದನಿಯ ನಡುಕದಿಂದಲೇ ಇದನ್ನು ಗ್ರಹಿಸಿ, ಒಂದೊಂದೇ ಸೂಚನೆ ಕೊಡುತ್ತಾರೆ. ಪೈಲಟ್ ಕೂಡ ‘ಸ್ಟ್ಯಾಂಡ್‌ಬೈ’ ಎಂದು ಹೇಳಿ ಮೊದಲು ವಿಮಾನವನ್ನು ನೆಟ್ಟಗೆ ಮಾಡಿಕೊಳ್ಳಬೇಕು. ಮೊದಲು ವಿಮಾನ, ಆಮೇಲೆ ದಾರಿ, ಆಮೇಲೆ ಮಾತು ಎಂಬ ಕ್ರಮವನ್ನು ಕಂಟ್ರೋಲರ್‌ಗಳೂ ಬಲ್ಲರು.

1999ರ ಜುಲೈ 16ರ ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತಮ್ಮ ಪೈಪರ್ ಸರಟೋಗಾ ಎಂಬ ಸಣ್ಣ ವಿಮಾನದಲ್ಲಿ ನ್ಯೂಜೆರ್ಸಿಯಿಂದ ಹೊರಟು ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದರು. ವಿಮಾನದಲ್ಲಿದ್ದ ಮೂವರೂ ಸತ್ತರು. ಮಸುಕು ಕವಿದ ಕತ್ತಲೆಯಲ್ಲಿ, ನೀರಿನ ಮೇಲೆ ಹಾರುತ್ತ ಎತ್ತರ ಇಳಿಸುತ್ತಿದ್ದಾಗ, ಅವರಿಗೆ ದಿಕ್ಕು ತಪ್ಪಿದ ಭ್ರಮೆಯಿಂದ ನಿಯಂತ್ರಣ ಕೈಮೀರಿತೆಂದು ತನಿಖೆ ಹೇಳಿತು. ಹೊರಟ ನಿಲ್ದಾಣದ ಟವರ್ ಬಿಟ್ಟ ಮೇಲೆ ಅವರು ಯಾವ ಕಂಟ್ರೋಲರ್ ಜೊತೆಗೂ ಮಾತಾಡಿದ ದಾಖಲೆಯಿಲ್ಲ. ಮಾತಾಡಿದ್ದರೆ ಬದುಕುತ್ತಿದ್ದರು ಎನ್ನಲಾರೆ, ಅದು ನ್ಯಾಯವಲ್ಲ. ಆದರೆ ಕಣ್ಣಳತೆಯ ನಿಯಮದಲ್ಲಿ, ಅಂದರೆ ಹೊರಗೆ ಕಣ್ಣಿಗೆ ಕಾಣುವುದನ್ನು ನೋಡಿಕೊಂಡು, ಹಾರುವ ಖಾಸಗಿ ಪೈಲಟ್ ಸಂಪರ್ಕದಲ್ಲಿರಬೇಕೆಂಬ ಕಡ್ಡಾಯ ಅನೇಕ ಕಡೆ ಇಲ್ಲದಿದ್ದಾಗಲೂ, ಕೇಳಿಕೊಂಡರೆ ರಾಡಾರ್‌ನಲ್ಲಿ ಗಮನಿಸುತ್ತ ಬರುವ ಸೇವೆ ದೊರೆಯುವಲ್ಲಿ, ಅದನ್ನು ಕೇಳದೆ ರಾತ್ರಿ ಹೊರಡುವುದಕ್ಕೆ ನನಗೆ ಒಂದು ಕಾರಣವೂ ತೋರುವುದಿಲ್ಲ.

ಆ ಸೇವೆಗೂ ಮಿತಿಯಿದೆ. ರಾಡಾರ್ ಪರದೆಯಲ್ಲಿ ನಿಮ್ಮ ಗುರುತು ಕಾಣುತ್ತಿದೆ ಎಂದಮಾತ್ರಕ್ಕೆ ಎದುರಿನ ಬೆಟ್ಟದಿಂದ ನಿಮ್ಮನ್ನು ತಪ್ಪಿಸುವ ಹೊಣೆಯನ್ನು ಕಂಟ್ರೋಲರ್ ಹೊತ್ತರೆಂದಲ್ಲ; ಕಣ್ಣಳತೆಯ ಹಾರಾಟದಲ್ಲಿ ಆ ಹೊಣೆ ಪೈಲಟ್‌ನದೇ. ಕೊಟ್ಟ ದಿಕ್ಕು ಕತ್ತಲ ಗುಡ್ಡದ ಕಡೆಗಿದೆ ಎನಿಸಿದರೆ ತಕ್ಷಣ ಕೇಳಬೇಕು. ಕೇಳಬಹುದಾದ ಸಣ್ಣಪುಟ್ಟ ಸಂಗತಿಗಳೂ ಇವೆ. ನಗರದ ದೀಪಗಳ ಜಾತ್ರೆಯಲ್ಲಿ ರನ್‌ವೇ ಕಾಣದಿದ್ದರೆ ಅದರ ದೀಪಗಳನ್ನು ಪ್ರಖರಗೊಳಿಸುವಂತೆ ಟವರ್ ಅನ್ನು ಕೇಳಬಹುದು, ಹತ್ತಿರ ಬಂದಾಗ ಕಣ್ಣು ಕುಕ್ಕಿದರೆ ಕುಗ್ಗಿಸಲು ಹೇಳಬಹುದು. ಕಂಟ್ರೋಲರ್‌ಗೆ ಅದು ಒಂದು ಸ್ವಿಚ್ಚಿನ ಕೆಲಸ. ಪೈಲಟ್‌ಗೆ ಅದು ಇಳಿಯುವ ಎತ್ತರದ ಅಂದಾಜನ್ನೇ ಬದಲಿಸುತ್ತದೆ.

ಕೇಳುವುದಷ್ಟೇ ಸಾಲದು, ಸರಿಯಾದ ಪದವೂ ಬೇಕು. 1990ರ ಜನವರಿ 25ರ ರಾತ್ರಿ ನ್ಯೂಯಾರ್ಕ್ ಬಳಿ ಕೊಲಂಬಿಯಾದ ಏವಿಯಾಂಕಾ ಸಂಸ್ಥೆಯ 52ನೇ ಸಂಖ್ಯೆಯ ವಿಮಾನ, ಒಂದು ಗಂಟೆಗೂ ಹೆಚ್ಚು ಕಾಲ ಗಾಳಿಯಲ್ಲಿ ಸುತ್ತಿ ಕಾದು, ಒಮ್ಮೆ ಇಳಿಯಲಾಗದೆ ಮೇಲೆದ್ದು, ಇಂಧನ ಬರಿದಾಗಿ ಬಿದ್ದು 73 ಜನರನ್ನು ಬಲಿತೆಗೆದುಕೊಂಡಿತು. ಆದ್ಯತೆ ಬೇಕು, ಇಂಧನ ಮುಗಿಯುತ್ತಿದೆ ಎಂದು ಸಿಬ್ಬಂದಿ ಹೇಳಿದ್ದರು. ‘ಎಮರ್ಜೆನ್ಸಿ’ ಎಂಬ ಪದವನ್ನು ಮಾತ್ರ ಕಂಟ್ರೋಲರ್‌ಗೆ ಹೇಳಲಿಲ್ಲ. ಪ್ರಾಣಾಪಾಯದ ಕರೆಯಾದ ‘ಮೇಡೇ’ ಎಂದು ಮೂರು ಬಾರಿ ಹೇಳಿದಾಗ ಕಂಟ್ರೋಲರ್ ಮೇಜಿನ ಸುತ್ತ ಇಡೀ ವ್ಯವಸ್ಥೆ ತಿರುಗುತ್ತದೆ. ‘ಸ್ವಲ್ಪ ತೊಂದರೆಯಾಗಿದೆ’ ಎಂದರೆ ಸರದಿಯಲ್ಲಿ ಇನ್ನೊಂದು ಸುತ್ತು. ಅಷ್ಟು ತೀವ್ರವಲ್ಲದ್ದಕ್ಕೆ ‘ಪ್ಯಾನ್-ಪ್ಯಾನ್’ ಇದೆ. ಯಾರೂ ಉತ್ತರಿಸದಿದ್ದರೆ ತುರ್ತು ಕರೆಗೆಂದೇ ಇರುವ 121.5 ಮೆಗಾಹರ್ಟ್ಸ್ ಇದೆ, ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತಿನ ಕೋಡ್ 7700 ಇದೆ. ಹೇಳಿದ ಮೇಲೆ ವಿವರಣೆ ಕೊಡಬೇಕಾದೀತೆಂಬ ಅಂಜಿಕೆಯಿಂದ ತಡಮಾಡುವವರೇ ಹೆಚ್ಚು. ಬದುಕಿ ಬಂದವರು ತಾನೇ ವಿವರಣೆ ಬರೆಯುವುದು?

ಇನ್ನು ಮೇಜಿನ ಆಚೆಯ ಬದಿ. ರಾತ್ರಿಪಾಳಿಯಲ್ಲಿ ಸಿಬ್ಬಂದಿ ಕಡಿಮೆ, ಹಗಲಿನಲ್ಲಿ ಮೂವರು ನೋಡುವ ಕೆಲಸವನ್ನು ಒಬ್ಬರೇ ನೋಡುವುದುಂಟು. ಆಗ ಅವರು ಇನ್ನೊಂದು ಫ್ರೀಕ್ವೆನ್ಸಿಯಲ್ಲಿ, ನಿಮಗೆ ಕೇಳಿಸದ ವಿಮಾನದೊಂದಿಗೆ ಮಾತಾಡುತ್ತಿರಬಹುದು. ಉತ್ತರ ಬಾರದಿದ್ದರೆ ತುಸು ತಾಳಿ, ಮತ್ತೆ ಕರೆಯಬೇಕು.

ಕೊನೆಗೆ, ರೇಡಿಯೊ ಸತ್ತರೆ? ರೇಡಿಯೊ ಕೆಟ್ಟಿದೆಯೆಂದು ತಿಳಿಸುವ ಟ್ರಾನ್ಸ್‌ಪಾಂಡರ್ ಕೋಡ್ 7600 ಹಾಕಿ, ನಿಲ್ದಾಣದ ಸುತ್ತ ಬಂದು ಟವರ್‌ನತ್ತ ನೋಡಬೇಕು. ಅಲ್ಲಿಂದ ದೀಪದ ಗನ್ನು ಹಿಡಿದ ಕಂಟ್ರೋಲರ್ ಸ್ಥಿರವಾದ ಹಸಿರು ತೋರಿಸಿದರೆ ಇಳಿಯಬಹುದು, ಸ್ಥಿರವಾದ ಕೆಂಪಾದರೆ ದಾರಿ ಬಿಟ್ಟು ಸುತ್ತುತ್ತಿರಬೇಕು, ಮಿನುಗುವ ಕೆಂಪಾದರೆ ನಿಲ್ದಾಣ ಸುರಕ್ಷಿತವಲ್ಲ, ಇಳಿಯಕೂಡದು. ಕಂಡೆ ಎಂಬುದಕ್ಕೆ ಪೈಲಟ್ ಲ್ಯಾಂಡಿಂಗ್ ಲೈಟನ್ನು ಎರಡು ಸಲ ಮಿನುಗಿಸುತ್ತಾರೆ. ಅದೂ ರೀಡ್‌ಬ್ಯಾಕೇ.