ಪುಗ್ಯೋ ಎಂದರೆ ಸಾಕು

ಕೇಳುಗ ಬಂಧುಗಳಿಗೆ ನಮಸ್ಕಾರ. ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿವಿಲ್ ವಿಭಾಗದ ಅಧ್ಯಾಪಕಿ. 2017ರ ಜನವರಿಯಲ್ಲಿ 14 ವಿದ್ಯಾರ್ಥಿಗಳನ್ನು ಕರೆದುಕೊಂಡು ನೇಪಾಳದ ಸಿಂಧುಪಾಲ್ಚೋಕ್ ಜಿಲ್ಲೆಗೆ ಶ್ರಮದಾನಕ್ಕೆ ಹೋಗಿದ್ದೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಆ ದೇಶದಲ್ಲಿ ತೀರಿಕೊಂಡವರು ಸುಮಾರು 9 ಸಾವಿರ ಜನ. ಅವರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ಈ ಒಂದೇ ಜಿಲ್ಲೆಯವರು.

ವಾಪಸ್ ಬಂದಾಗಿನಿಂದ ಸಿಕ್ಕವರೆಲ್ಲ ನನಗೆ ಹೇಳುವುದು ಒಂದೇ ಮಾತು. "ಏನೂ ಇಲ್ಲದಿದ್ರೂ ಆ ಜನ ಎಷ್ಟು ನೆಮ್ಮದಿಯಾಗಿದ್ದಾರೆ ಅಲ್ವಾ ಮೇಡಂ?" ದಯವಿಟ್ಟು ಹಾಗನ್ನಬೇಡಿ. ತಗಡಿನ ಕೆಳಗೆ ಎರಡನೇ ಚಳಿಗಾಲ ಕಳೆಯುತ್ತಿದ್ದವರಿಗೆ ಎಲ್ಲಿಯ ನೆಮ್ಮದಿ? ತೃಪ್ತಿ ಬೇರೆ. ತನಗೆಷ್ಟು ಬೇಕು ಅನ್ನುವ ಲೆಕ್ಕ ತನಗೇ ಗೊತ್ತಿರುವುದು ತೃಪ್ತಿ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದೊಂದನ್ನೇ.

ನಾವು ಕೆಲಸ ಮಾಡಿದ್ದು ಒಬ್ಬ ವಯಸ್ಸಾದ ತಾಯಿಯ ಮನೆಗೆ. ಎಲ್ಲರೂ ಅವರನ್ನು ಆಮಾ ಅಂತಿದ್ದೆವು. ಮಗ ಕತಾರ್‌ನಲ್ಲಿ ದುಡಿಯುತ್ತಿದ್ದ. ಇಲ್ಲಿ ಸೊಸೆ, ಇಬ್ಬರು ಮೊಮ್ಮಕ್ಕಳು, ನಾಲ್ಕು ಆಡು. ಭೂಕಂಪವಾದದ್ದು ಶನಿವಾರ ನಡುಹಗಲಲ್ಲಿ. ಅಲ್ಲಿ ಶನಿವಾರವೇ ವಾರದ ರಜೆ, ಮಕ್ಕಳು ಹೊಲದಲ್ಲಿ ಆಡುತ್ತಿದ್ದವು, ಉಳಿದವು.

ಮೊದಲ ದಿನದ ಊಟಕ್ಕೆ ಢಿಂಡೋ ಬಂತು. ಕೋದೋ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿದ್ದು. ಮಂಡ್ಯದ ಹುಡುಗನೊಬ್ಬ ಒಂದು ತುತ್ತು ನುಂಗಿ, "ಮೇಡಂ, ಇದು ನಮ್ ಮುದ್ದೆ ಕಣ್ರೀ!" ಅಂತ ಎದ್ದೇ ನಿಂತ. ಹೌದು, ಕೋದೋ ಅಂದರೆ ರಾಗಿ. ಅಗಿಯದೆ ನುಂಗುವುದೂ ನಮ್ಮ ಹಾಗೆಯೇ. ಸಾರಿನ ಬದಲು ಗುಂದ್ರುಕ್, ಸೊಪ್ಪನ್ನು ಹುಳಿ ಬರಿಸಿ ಒಣಗಿಸಿಟ್ಟದ್ದು. ಆಮಾ ಬಡಿಸುತ್ತಲೇ ಇದ್ದರು. ಸಾಕು ಅನ್ನುವುದಕ್ಕೆ ಏನನ್ನಬೇಕೆಂದು ಸೊಸೆ ಹೇಳಿಕೊಟ್ಟಳು: "ಪುಗ್ಯೋ." ಆ ಪದಕ್ಕೆ ತಲುಪಿತು ಅಂತಲೂ ಅರ್ಥ. ಊರು ಮುಟ್ಟಿದರೂ ಪುಗ್ಯೋ, ಹೊಟ್ಟೆ ತುಂಬಿದರೂ ಪುಗ್ಯೋ. ನಮ್ಮಲ್ಲಿ ನೋಡಿ, ಸಾಕು ಅನ್ನುವುದು ಸಾಕಾಯ್ತಪ್ಪಾ ಅನ್ನುವ ಬೇಸರಕ್ಕೆ ಜಾರಿಬಿಡುತ್ತದೆ.

ಮನೆ ಕಟ್ಟಲು ಸರ್ಕಾರ ಕೊಡುತ್ತಿದ್ದದ್ದು ಮೂರು ಕಂತಿನಲ್ಲಿ 3 ಲಕ್ಷ ನೇಪಾಳಿ ರೂಪಾಯಿ. ನಮ್ಮ ದುಡ್ಡಿನಲ್ಲಿ ಎರಡು ಲಕ್ಷವೂ ಆಗುವುದಿಲ್ಲ. ನನ್ನ ಹುಡುಗರು ಉತ್ಸಾಹದಿಂದ ಮೂರು ಕೋಣೆಯ ನಕ್ಷೆ ಬರೆದರು. "ಮುಂದೆ ಬೇಕಾಗುತ್ತೆ ಆಮಾ, ನಾವೇ ಕಲ್ಲು ಹೊರ್ತೀವಿ." ಆಮಾ ಒಂದು ಕೋಲು ತಗೊಂಡು ನೆಲದ ಮೇಲೆ ಗೆರೆ ಎಳೆದರು. ಇಲ್ಲಿ ಮಲಗುವುದು, ಇಲ್ಲಿ ಒಲೆ, ಮೇಲೆ ಅಟ್ಟದಲ್ಲಿ ಕಾಳು. ಎರಡು ಕೋಣೆ. ಪುಗ್ಯೋ. ಮೂರನೆಯದಕ್ಕೆ ಸಾಲ ಮಾಡಿದರೆ ಮಗ ಇನ್ನೆರಡು ವರ್ಷ ಮರಳುಗಾಡಿನಲ್ಲಿರಬೇಕು ಅಂದರು.

ಆದರೆ ಗೋಡೆ ಏಳುವಾಗ ಅದೇ ಆಮಾ ಮೇಸ್ತ್ರಿಯ ಜೊತೆ ಜಗಳಕ್ಕೆ ನಿಂತರು. ಮಣ್ಣಿನ ಗಾರೆಯ ಕಲ್ಲುಗೋಡೆಯಲ್ಲಿ, ಈ ಮುಖದಿಂದ ಆ ಮುಖಕ್ಕೆ ಮುಟ್ಟುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಕೂರಿಸಬೇಕು. ಇಲ್ಲದಿದ್ದರೆ ನೆಲ ನಡುಗಿದಾಗ ಗೋಡೆ ಎರಡು ಸೀಳಾಗುತ್ತದೆ. ಅಂಥ ಕಲ್ಲು ಹುಡುಕುವುದು ಕಷ್ಟ, ಹಾಕಿದಷ್ಟು ಸಾಕು ಅಂದ ಮೇಸ್ತ್ರಿ. ಅವರ ಹಳೆಯ ಗೋಡೆ ಸೀಳಿದ್ದೇ ಹಾಗೆ, ಕಣ್ಣೆದುರಿಗೆ. ಕೂರಿಸಿದ್ದ ಒಂದು ಸಾಲು ಬಿಚ್ಚಿಸಿದರು! ಬೆನ್ನಿಗೆ ಬುಟ್ಟಿ, ಹಣೆಗೆ ಪಟ್ಟಿ ಕಟ್ಟಿಕೊಂಡು ನಮ್ಮ ಹುಡುಗರು ಹಳ್ಳದಿಂದ ಉದ್ದ ಕಲ್ಲು ಹೊತ್ತರು, ಮೂರು ದಿನ.

ಕೋಣೆ ಎಷ್ಟು ಅಂದಾಗ ಸಾಕು ಅಂದವರು, ಗಟ್ಟಿ ಎಷ್ಟು ಅಂದಾಗ ಸಾಕು ಅನ್ನಲಿಲ್ಲ. ಇದನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಸಿಕ್ಕಿದ್ದಕ್ಕೆ ತಲೆಬಾಗುವುದು ತೃಪ್ತಿ ಅಲ್ಲ, ಲೆಕ್ಕ ಗೊತ್ತಿರುವುದು ತೃಪ್ತಿ.

ಸಮಯವಾಗುತ್ತಿದೆ ಎಂದು ಸನ್ನೆ ಬರುತ್ತಿದೆ. ಇಂಥ ಪ್ರವಾಸಕ್ಕೆ ಹೊರಡುವ ಮಕ್ಕಳಿಗೆ ಬೇಗ ಹೇಳಿಬಿಡುತ್ತೇನೆ. ಹಳೇ ಬಟ್ಟೆಯ ಮೂಟೆ ಹೊತ್ತುಕೊಂಡು ಹೋಗಬೇಡಿ, ಏನು ಬೇಕೆಂದು ಮೊದಲೇ ಕೇಳಿ. ಪ್ರಮಾಣಪತ್ರದ ಮಾತು ಅಲ್ಲಿ ಎತ್ತಬೇಡಿ. ಆ ಊರಿನ ಹತ್ತು ಪದ ಕಲಿತು ಹೋಗಿ, ಅದರಲ್ಲಿ ಸಾಕು ಅನ್ನುವ ಪದ ಇರಲಿ. ನಮಸ್ಕಾರ.