ಮಸಿಬಟ್ಟೆಯ ಕರೆ ಬಿಡಿಸುವುದು

ಕೇಳುಗರಿಗೆಲ್ಲ ನಮಸ್ಕಾರ. ಒಲೆಯ ಮೇಲಿನ ಬಿಸಿ ಪಾತ್ರೆಯನ್ನು ಇಳಿಸಲು ಬಳಸುವ ಬಟ್ಟೆಗೆ ನಾವು ಮಸಿಬಟ್ಟೆ ಎನ್ನುತ್ತೇವೆ. ಉತ್ತರ ಕರ್ನಾಟಕದವರಿಗೆ ಅದು ಮಸಿ ಅರಿವೆ. ಸೌದೆಯ ಒಲೆ ಹೋಗಿ ಗ್ಯಾಸ್ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಮಸಿ ಮರೆಯಾಯಿತು, ಹೆಸರು ಮಾತ್ರ ಉಳಿದುಕೊಂಡಿತು. ಈಗ ಆ ಬಟ್ಟೆಗೆ ಹತ್ತುವುದು ಒಗ್ಗರಣೆಯ ಎಣ್ಣೆ, ಹುಳಿಯ ಅರಿಸಿನ, ಉಕ್ಕಿದ ಹಾಲು, ದೋಸೆ ಕಾವಲಿಯ ತುಕ್ಕು. ಅಂಗಡಿಯಲ್ಲಿ ಸಿಗುವ, ಒಳಗೆ ಹತ್ತಿ ತುಂಬಿ ಹೊಲಿದ ಚೌಕಗಳಿಗೂ ಕೈಗವಸುಗಳಿಗೂ ಇದೇ ಗತಿ. ಮನೆಯ ಉಳಿದ ಬಟ್ಟೆಗಳೆಲ್ಲ ದಿನ ಬಿಟ್ಟು ದಿನ ನೀರು ಕಾಣುತ್ತಿದ್ದರೂ ಇದೊಂದು ಮಾತ್ರ ಒಲೆಯ ಪಕ್ಕದ ಮೊಳೆಯಲ್ಲಿ ತಿಂಗಳುಗಟ್ಟಲೆ ತೂಗಾಡುತ್ತಿರುತ್ತದೆ.

ಕಣ್ಣಿಗೆ ಕುಂದಾಗಿ ಕಾಣುವ ಅರಿಸಿನದ ಹಳದಿಯಿಂದ ಯಾರ ಕೈಯೂ ಸುಡುವುದಿಲ್ಲ. ಜಿಡ್ಡಿನ ಮಾತು ಬೇರೆ. ಜಿಡ್ಡು ಕುಡಿದ ಬಟ್ಟೆ ಪಾತ್ರೆಯ ಅಂಚಿನಿಂದ ಜಾರುತ್ತದೆ, ಕಮಟು ವಾಸನೆ ಹಿಡಿಯುತ್ತದೆ, ಮೂಲೆಯೊಂದು ಉರಿಗೆ ತಗುಲಿದರೆ ದೀಪದ ಬತ್ತಿಯಂತೆ ಹತ್ತಿಕೊಳ್ಳುತ್ತದೆ. ಆದ್ದರಿಂದ ಒಗೆಯುವಾಗ ಮೊದಲು ಬಿಡಿಸಬೇಕಾದದ್ದು ಜಿಡ್ಡನ್ನು. ಮಸಿಯನ್ನೂ ಅರಿಸಿನವನ್ನೂ ನೂಲಿಗೆ ಅಂಟಿಸಿ ಹಿಡಿದಿರುವುದು ಬಹುಮಟ್ಟಿಗೆ ಅದೇ ಆದುದರಿಂದ, ಅದು ಸಡಿಲವಾದರೆ ಉಳಿದ ಕರೆಗಳು ಅರ್ಧದಷ್ಟು ತಾವಾಗಿಯೇ ಹೋಗುತ್ತವೆ.

ಸೌದೆ ಒಲೆಯ ಮನೆಯಾದರೆ ಅಥವಾ ಗ್ಯಾಸ್ ಬರ್ನರಿನ ತೂತುಗಳು ಕಟ್ಟಿಕೊಂಡು ಹಳದಿ ಉರಿ ಬಂದು ಪಾತ್ರೆಯ ತಳ ಕಪ್ಪಾಗುತ್ತಿದ್ದರೆ, ಬಟ್ಟೆಯನ್ನು ನೀರಿಗೆ ಹಾಕುವ ಮುನ್ನ ಅಂಗಳಕ್ಕೆ ಒಯ್ದು ಚೆನ್ನಾಗಿ ಒದರಬೇಕು. ಮಸಿ ಎಂದರೆ ಇಂಗಾಲದ ನುಣ್ಣನೆಯ ಪುಡಿ. ನೀರಿನಲ್ಲಿ ಕರಗುವುದಿಲ್ಲ, ಒದ್ದೆಯಾದರೆ ನೂಲಿನ ಒಳಗೊಳಗೆ ಸೇರಿಕೊಳ್ಳುತ್ತದೆ. ಹಾಲು ಹತ್ತಿದ್ದರೆ ಮೊದಲು ತಣ್ಣೀರಿನಲ್ಲಿ ಜಾಲಿಸಬೇಕು, ಏಕೆಂದರೆ ಬಿಸಿನೀರು ಬಿದ್ದೊಡನೆ ಹಾಲಿನ ಪ್ರೋಟೀನು ಹೆಪ್ಪುಗಟ್ಟಿ ಬಟ್ಟೆಗೆ ಕಚ್ಚಿಕೊಳ್ಳುತ್ತದೆ.

ಇನ್ನು ಜಿಡ್ಡಿನ ಕೆಲಸ. ಒಂದು ಲೀಟರ್ ಕುದಿಯುವ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಮತ್ತು ಸ್ವಲ್ಪ ಸೋಪಿನ ಪುಡಿ ಹಾಕಿ, ಹತ್ತಿಯ ಬಟ್ಟೆಯನ್ನು ಅದರಲ್ಲಿ ಒಂದು ಗಂಟೆ ಮುಳುಗಿಸಿಡಬೇಕು. ಅಡಿಗೆ ಸೋಡಾಕ್ಕೆ ಈ ಕಸುವಿಲ್ಲ. ಸೋಡಾದ ಕ್ಷಾರವೂ ಬಿಸಿಯೂ ಕೂಡಿ ಎಣ್ಣೆಯ ಒಂದು ಪಾಲನ್ನು ಸಾಬೂನಾಗಿ ಮಾರ್ಪಡಿಸುತ್ತವೆ, ಉಳಿದದ್ದನ್ನು ನೀರಿನಲ್ಲಿ ತೇಲಿಸುತ್ತವೆ. ಹಿಂದೆ ಮಡಿವಾಳರು ಚೌಳು ಮಣ್ಣಿನ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಹಬೆಯಲ್ಲಿ ಬೇಯಿಸಿ ಉಬ್ಬೆ ಹಾಕುತ್ತಿದ್ದುದರ ಗುಟ್ಟೂ ಇದೇ. ನಮ್ಮ ಅಜ್ಜಿ ಒಲೆಯ ಬೂದಿಯ ತಿಳಿನೀರಿನಲ್ಲಿ ಮಸಿಬಟ್ಟೆಯನ್ನು ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಅಂಟುವಾಳದ ನೊರೆಯಲ್ಲಿ ಕುಕ್ಕಿ ಒಗೆಯುತ್ತಿದ್ದರು. ಬಚ್ಚಲಿನ ಕಲ್ಲಿನ ಮೇಲೆ ಆ ಬಟ್ಟೆ ಬಿಡುತ್ತಿದ್ದ ಕಂದು ನೀರನ್ನು ನೋಡಿ, ಇಷ್ಟೆಲ್ಲ ಇದರೊಳಗೆ ಇತ್ತೇ ಎಂದು ನನಗೆ ಸೋಜಿಗವಾಗುತ್ತಿತ್ತು. ಒಂದು ಎಚ್ಚರಿಕೆ ಉಂಟು. ಸೋಡಾ ನೀರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಾಯಿಸಬಾರದು, ಪಾತ್ರೆ ಕಪ್ಪಾಗುತ್ತದೆ. ಬೆಳ್ಳಿಯಂತೆ ಹೊಳೆಯುವ ಲೇಪವುಳ್ಳ ಚೌಕಗಳನ್ನೂ ಅದರಲ್ಲಿ ನೆನೆಸಬಾರದು, ಅವಕ್ಕೆ ಉಗುರುಬೆಚ್ಚನೆಯ ಸೋಪಿನ ನೀರೇ ಸಾಕು.

ಸೋಡಾ ನೀರಿಗೆ ಬಿದ್ದ ಅರಿಸಿನದ ಕರೆ ಇದ್ದಕ್ಕಿದ್ದಂತೆ ಕೆಂಪಗಾದರೆ ಗಾಬರಿಪಡಬೇಕಾಗಿಲ್ಲ. ಅರಿಸಿನಕ್ಕೆ ಸುಣ್ಣ ಬೆರೆಸಿ ಆರತಿಗೆ ಓಕುಳಿ ಮಾಡುವವರಿಗೆ ಈ ಆಟ ಗೊತ್ತೇ ಇದೆ. ಅರಿಸಿನದ ಬಣ್ಣವಾದ ಕುರ್ಕುಮಿನ್ ಕ್ಷಾರ ಸೋಕಿದರೆ ಕೆಂಪಾಗಿ, ಚೆನ್ನಾಗಿ ಜಾಲಿಸಿ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಆ ಹಳದಿಯನ್ನು ತೆಗೆಯಲು ಉಜ್ಜಿ ಉಜ್ಜಿ ಬಟ್ಟೆಯನ್ನು ಜಾಳು ಮಾಡುವುದು ದಂಡದ ಕೆಲಸ. ಕುರ್ಕುಮಿನ್ ಬಿಸಿಲಿಗೆ ನಿಲ್ಲುವುದಿಲ್ಲ. ಒಗೆದ ಬಟ್ಟೆಯನ್ನು ಒದ್ದೆಯಾಗಿಯೇ ಕರೆಯ ಮಗ್ಗುಲು ಮೇಲಾಗುವಂತೆ ನೇರ ಬಿಸಿಲಿಗೆ ಹರವಿ, ಮರುದಿನವೂ ಹಾಗೆಯೇ ಮಾಡಿದರೆ ಕಣ್ಣೆದುರಿಗೇ ಬಣ್ಣ ತಿಳಿಯಾಗುತ್ತ ಹೋಗುತ್ತದೆ.

ತುಕ್ಕಿನ ಕರೆಗೆ ಉಪ್ಪು ಮತ್ತು ನಿಂಬೆರಸವನ್ನು ತಿಕ್ಕಿ, ಅರ್ಧ ಗಂಟೆ ಬಿಸಿಲಿನಲ್ಲಿಟ್ಟು ತೊಳೆದರೆ ಸಾಕು. ಅದಕ್ಕೆ ಬ್ಲೀಚಿಂಗ್ ಪುಡಿ ಹಾಕಿದರೆ ಕರೆ ಇನ್ನಷ್ಟು ಗಟ್ಟಿಯಾಗುತ್ತದೆ. ಬ್ಲೀಚ್ ಮತ್ತು ನಿಂಬೆರಸ ಅಥವಾ ವಿನಿಗರ್ ಎಂದೂ ಒಂದೇ ಬಕೆಟ್ಟಿಗೆ ಬೀಳಬಾರದು. ಅವು ಕೂಡಿದರೆ ಕ್ಲೋರಿನ್ ಎಂಬ ವಿಷದ ಅನಿಲ ಹೊರಡುತ್ತದೆ. ಹಲಸಿನ ಮೇಣ ಹತ್ತಿದ್ದರೆ ಮೊದಲು ಕೊಬ್ಬರಿ ಎಣ್ಣೆ ಸವರಿ ಮೇಣವನ್ನು ಬಿಡಿಸಿ, ಆಮೇಲೆ ಎಣ್ಣೆಯನ್ನು ಸೋಪಿನಿಂದ ಕಳೆಯಬೇಕು. ಬಾಳೆಕಾಯಿಯ ಕರೆ ಮಾತ್ರ ಒಮ್ಮೆ ಒಣಗಿದರೆ ಬಿಡುವುದಿಲ್ಲ. ನಾನಂತೂ ಅದರ ತಂಟೆಗೆ ಹೋಗುವುದಿಲ್ಲ.

ಒಗೆಯುವುದಕ್ಕಿಂತ ಒಣಗಿಸುವುದಕ್ಕೇ ಹೆಚ್ಚು ತಾಳ್ಮೆ ಬೇಕು. ಒಣಬಟ್ಟೆ ಕೈಯನ್ನು ಕಾಯುವುದು ಅದರ ನೂಲುಗಳ ನಡುವೆ ನಿಂತ ಗಾಳಿಯಿಂದ. ಆ ಜಾಗವನ್ನು ನೀರು ತುಂಬಿದಾಗ, ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಚುರುಕಾಗಿ ಶಾಖವನ್ನು ದಾಟಿಸುವ ನೀರು ಕುಕ್ಕರಿನ ಬಿಸಿಯನ್ನು ನೇರವಾಗಿ ಬೆರಳಿಗೆ ಮುಟ್ಟಿಸುತ್ತದೆ. ಜೊತೆಗೆ ಏಳುವ ಹಬೆಯೂ ಸುಡುತ್ತದೆ. ಹತ್ತಿ ತುಂಬಿದ ಚೌಕಗಳು ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ, ಆದುದರಿಂದ ನಡುಭಾಗವನ್ನು ಎರಡು ಬೆರಳಿನಿಂದ ಹಿಚುಕಿ ನೋಡದೆ ಒಲೆಯ ಬಳಿ ತರಬಾರದು. ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲ ಒಲೆಯ ಹತ್ತಿರ ತೂಗುಹಾಕಿದ ಬಟ್ಟೆಯೂ ಬೂಷ್ಟು ಹಿಡಿಯುವುದುಂಟು. ಅಂಥ ದಿನಗಳಿಗೆ ನಾಲ್ಕು ಬಟ್ಟೆಗಳಾದರೂ ಸರದಿಯಲ್ಲಿರಬೇಕು.

ಕೊನೆಯದಾಗಿ, ಒಗೆದು ಒಣಗಿದ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಸುಟ್ಟ ಕಂದು ಗುರುತು ಕರೆಯಲ್ಲ. ಅಲ್ಲಿ ನೂಲೇ ಬೆಂದಿರುತ್ತದೆ. ಅದರ ಮೂಲಕ ಬೆಳಕು ತೂರಿ ಬರುತ್ತಿದ್ದರೆ ಆ ಬಟ್ಟೆಗೆ ಒಲೆಯ ಕಟ್ಟೆಯನ್ನು ಒರೆಸುವ ಕೆಲಸ ಕೊಟ್ಟು, ಹಳೆಯ ಹತ್ತಿ ಪಂಚೆಯದೊಂದು ತುಂಡನ್ನು ನಾಲ್ಕು ಮಡಿಕೆ ಮಾಡಿ ಹೊಲಿದು ಆ ಮೊಳೆಗೆ ತೂಗುಹಾಕಬಹುದು. ಪಾಲಿಯೆಸ್ಟರ್ ಬೆರೆತ ತುಂಡನ್ನು ಮಾತ್ರ ಆರಿಸಬೇಡಿ, ಅದು ಬಿಸಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ನಮಸ್ಕಾರ.