ಗಂಡಿಲಿ ಶಾಣ್ಯಾನೋ, ಹೆಣ್ಣಿಲಿಯೋ?

ಕೇಳುಗರಿಗೆಲ್ಲ ನಮಸ್ಕಾರ.

ಕಳೆದ ತಿಂಗಳು ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮೂವರು ಮಕ್ಕಳು ಒಂದು ರಟ್ಟಿನ ಡಬ್ಬಿ ಹೊತ್ತು ಸ್ಟಾಫ್‌ರೂಮಿಗೆ ಬಂದರು. ಒಳಗೆ ಸುತ್ತುಬಳಸಿನ ಓಣಿಗಳು. “ಸರ್ರಿ, ಇದರಾಗ ಇಲಿ ಬಿಡ್ತೀವ್ರಿ. ಗಂಡಿಲಿ ಶಾಣ್ಯಾನೋ ಹೆಣ್ಣಿಲಿ ಶಾಣ್ಯಾನೋ ಗೊತ್ತಾಗ್ತದ.” ಇಲಿ ಎಲ್ಲಿಂದ ತರುತ್ತೀರಿ ಅಂದೆ. ಕಲಬುರಗಿ ಹುಡುಗರಿಗೆ ಇದೊಂದು ಪ್ರಶ್ನೆಯೇ? “ಗಂಜಿನ್ಯಾಗ ತೊಗರಿ ಚೀಲದ ಸಂದ್ಯಾಗ ಬೇಕಾದಷ್ಟು ಅವರಿ!”

ಬೇಡಪ್ಪಾ ಅಂದೆ. ಗಂಜ್ ಅಂದರೆ ನಮ್ಮ ಧಾನ್ಯದ ಮಾರುಕಟ್ಟೆ; ಅಲ್ಲಿನ ಇಲಿ ಕಚ್ಚಿದರೆ ಫಜೀತಿ. ಮೇಲಾಗಿ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕಟ್ಟುಪಾಡಿದೆ. ಮಕ್ಕಳ ಮುಖ ಸಪ್ಪಗಾಯಿತು. ಆದರೆ ಅವರ ಪ್ರಶ್ನೆಯೇನೂ ಸಪ್ಪೆಯದಲ್ಲ.

ಬಹಳ ಕಾಲ ಪ್ರಯೋಗಾಲಯಗಳಲ್ಲಿ ಗಂಡಿಲಿಗಳದೇ ಕಾರುಬಾರು. ಹೆಣ್ಣಿಲಿಗೆ ನಾಲ್ಕೈದು ದಿನಕ್ಕೊಮ್ಮೆ ಋತುಚಕ್ರ, ಹಾರ್ಮೋನು ಏರಿಳಿದು ಲೆಕ್ಕ ಕೆಡುತ್ತದೆ ಎಂಬ ನೆಪ. 2014ರಲ್ಲಿ ಹಳೆಯ ನೂರಾರು ಪ್ರಬಂಧಗಳ ಅಂಕಿಗಳನ್ನು ಕಲೆಹಾಕಿ ನೋಡಿದರೆ, ಹೆಣ್ಣಿಲಿಗಳ ಏರುಪೇರು ಗಂಡಿಲಿಗಳಿಗಿಂತ ಹೆಚ್ಚೇನೂ ಇರಲಿಲ್ಲ!

2021ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು ಇಲಿಗಳಿಗೆ ಪರದೆಯ ಮೇಲೆ ಎರಡು ಜಾಗ ತೋರಿಸಿ, ಮೂಗಿನಿಂದ ಮುಟ್ಟಿದರೆ ಒಮ್ಮೊಮ್ಮೆ ತಿನಿಸು ಸಿಗುವಂತೆ ಮಾಡಿದ ಆಟ ನನಗೆ ಬಹಳ ಹಿಡಿಸಿತು. ಗಂಡುಗಳು ಇದನ್ನೊಮ್ಮೆ ಅದನ್ನೊಮ್ಮೆ ಮುಟ್ಟುತ್ತ ಹುಡುಕಾಟದಲ್ಲೇ ಸಿಕ್ಕಿಕೊಂಡವು. ಹೆಣ್ಣುಗಳು ಹುಡುಕಿದ್ದು ಕಡಿಮೆ, ಹುಡುಕುವಾಗ ಕಲಿತದ್ದು ಬೇಗ. ಗಳಿಕೆ ಮಾತ್ರ ಎರಡರದೂ ಹೆಚ್ಚುಕಡಿಮೆ ಸಮ. ಅಂದರೆ ಶಾಣ್ಯಾ ಯಾರು ಅಂತ ಕೇಳಿದ್ದೇ ತಪ್ಪು. ಯಾವ ಹಾದಿಯಿಂದ ಕಲಿತವು ಅಂತ ಕೇಳಬೇಕಿತ್ತು.

ಈ ಆಟದ ಜೊತೆಗೆ ಮಕ್ಕಳಿಗೆ ಇನ್ನೊಂದು ಕಥೆಯನ್ನೂ ಹೇಳಿದೆ. 1963ರಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ರೊಸೆಂಥಾಲ್ ಮತ್ತು ಜೊತೆಗಾರ ಫೋಡ್, ಓಣಿಯಲ್ಲಿ ಓಡಿಸಿ ಅಂಕ ಹಾಕಿರೆಂದು ಹನ್ನೆರಡು ವಿದ್ಯಾರ್ಥಿಗಳಿಗೆ ಇಲಿ ಹಂಚಿದರು. ಅರ್ಧ ಜನಕ್ಕೆ ‘ನಿಮ್ಮವು ಚುರುಕು ತಳಿ’, ಉಳಿದವರಿಗೆ ‘ನಿಮ್ಮವು ದಡ್ಡ ತಳಿ’ ಅಂದರು. ನಿಜಕ್ಕೂ ಎಲ್ಲವೂ ಒಂದೇ ತರದವು. ಆದರೂ ‘ಚುರುಕು’ ಇಲಿಗಳೇ ಹೆಚ್ಚು ಅಂಕ ತಂದವು! ನಂಬಿಕೆ ಇಲಿಯೊಳಗಲ್ಲ, ಹಿಡಿದ ಕೈಯಲ್ಲಿತ್ತು.

ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆಟವನ್ನು ತಮ್ಮ ಮೇಲೇ ಹೂಡಿದರು. ಎರಡು ಟಿಫಿನ್ ಡಬ್ಬಿ, ಒಂದೊಂದರಲ್ಲಿ ಹತ್ತು ಚೀಟಿ. ಗೆಲ್ಲುವ ಚೀಟಿ ಒಂದರಲ್ಲಿ ಎಂಟು, ಇನ್ನೊಂದರಲ್ಲಿ ಎರಡು. ಎತ್ತಿದ ಚೀಟಿ ಮತ್ತೆ ಡಬ್ಬಿಗೆ. ಗೆದ್ದರೆ ನಾಲ್ಕು ಕಾಳು ಶೇಂಗಾ. ಬರೆದುಕೊಳ್ಳುವವರು ಪರದೆಯ ಆಚೆ, ಆಡುವವರಿಗೆ ಹೆಸರಿಲ್ಲ, ನಂಬರು ಅಷ್ಟೇ. ತಂಡದ ಹುಡುಗಿ ತಾನಾಗಿಯೇ ಬಳೆ ತೆಗೆದಿಟ್ಟಳು. “ಬಳಿ ಸಪ್ಪಳ ಕೇಳಿದ್ರ ಹುಡುಗಿ ಅಂತ ಗೊತ್ತಾಗ್ತದಲ್ರಿ.”

ಅದು ನನಗೂ ಹೊಳೆದಿರಲಿಲ್ಲ ನೋಡಿ.

ಮೊದಲ ದಿನವೇ ಅರ್ಧ ಕಿಲೋ ಶೇಂಗಾ ಖಾಲಿ. ಯಾವ ನಂಬರು ಯಾರದೆಂಬ ಪಟ್ಟಿ ನನ್ನ ಕಪಾಟಿನಲ್ಲಿ ಬೀಗದೊಳಗಿದೆ. ಇನ್ನೂ ಇಪ್ಪತ್ತು ಮಕ್ಕಳು ಆಡುವ ತನಕ ಬೀಗದ ಕೈ ಕೇಳುವಂತಿಲ್ಲ ಎಂದಿದ್ದೇನೆ. ದಿನಾ ಕೇಳುತ್ತಿದ್ದಾರೆ.

ನಮಸ್ಕಾರ.